ಲಾರಿ ಎಂಜಿನ್ ಬಿಚ್ಚಿ ಮಾಡ್ಸೋದಾ, ಬೇರೆ ಕೂರಿಸೋದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಕುಮಟೆಯಲ್ಲಿ ಸ್ಪೇರ್ ಪಾರ್ಟ್ಸ್ ಕೌಂಟರಲ್ಲಿ ಕೂತು ಇಪ್ಪತ್ತು ವರ್ಷದ ಮೇಲಾಯ್ತು, ಮನೆದೇ ಎರಡು ಗಾಡಿ ಬೇರೆ ಓಡ್ತವೆ, ಒಂದು ಮೀನಿಗೆ, ಒಂದು ಚಿರೇಕಲ್ಲಿಗೆ (ಮನೆ ಕಟ್ಟೋ ಕೆಂಪು ಕಲ್ಲು). ಕಾರವಾರದಿಂದ ಭಟ್ಕಳದ ತನಕ, ಘಟ್ಟದ ಮೇಲಿಂದ ಸಿರ್ಸಿ ಯಲ್ಲಾಪುರದವರೂ ಫೋನ್ ಮಾಡಿ ಸುತ್ತಿ ಬಳಸಿ ಕೇಳೋದು ಇವೇ ಪ್ರಶ್ನೆಗಳು. ಬಾಯಲ್ಲಿ ಹೇಳಿ ಹೇಳಿ ಸಾಕಾಯ್ತು, ಅದಕ್ಕೆ ಬರೆದು ಇಡ್ತಿದ್ದೇನೆ. ಪ್ರಶ್ನೆಗಳು ಅವರವರು ಕೇಳಿದ ಮಾತಲ್ಲೇ ಇವೆ.

## ಮೊದಲ ಹಂತ: ಎಂಜಿನ್ ನಿಜವಾಗ್ಲೂ ಹೋಗಿದ್ಯಾ?

ಅಣ್ಣಾ, ಹೊಗೆ ಸಿಕ್ಕಾಪಟ್ಟೆ ಬರ್ತಿದೆ, ಎಂಜಿನ್ ಕೆಲಸಕ್ಕೆ ಬಂತಾ?

ಯಾವ ಬಣ್ಣದ ಹೊಗೆ ಹೇಳು ಮೊದ್ಲು. ಕಪ್ಪು ಹೊಗೆ ಅಂದ್ರೆ ಡೀಸೆಲ್ ಜಾಸ್ತಿ ಅಥವಾ ಗಾಳಿ ಕಮ್ಮಿ: ಏರ್ ಫಿಲ್ಟರ್ ಕಟ್ಟಿರಬಹುದು, ನಾಜಲ್ ಸರಿಯಾಗಿ ಸ್ಪ್ರೇ ಮಾಡ್ತಿಲ್ಲದೇ ಇರಬಹುದು, ಎಂಜಿನ್ನಿಗೆ ಗಾಳಿ ತಳ್ಳೋ ಟರ್ಬೊದ ಹೋಸ್ ಲೀಕ್ ಇರಬಹುದು, ಇದಕ್ಕೆಲ್ಲ ಎಂಜಿನ್ ಬಿಚ್ಚೋ ಅಗತ್ಯ ಇಲ್ಲ. ಬಿಳಿ ಹೊಗೆ ಬೆಳಿಗ್ಗೆ ಸ್ಟಾರ್ಟ್ ಮಾಡ್ದಾಗ ಎರಡು ನಿಮಿಷ ಬಂದು ನಿಂತ್ರೆ ಅಡ್ಡಿಲ್ಲ, ಬಿಸಿ ಆದ್ಮೇಲೂ ಬರ್ತಾ ಇದ್ದು ರೇಡಿಯೇಟರ್ ನೀರು ಇಳೀತಾ ಇದ್ರೆ ಹೆಡ್ಡೋ (ಸಿಲಿಂಡರ್ ಮೇಲಿನ ಮುಚ್ಚಳ) ಅದರ ಗ್ಯಾಸ್ಕೆಟ್ಟೋ ನೋಡ್ಬೇಕು. ನೀಲಿ ಹೊಗೆ ಅಂದ್ರೆ ಆಯಿಲ್ ಉರೀತಿದೆ. ಆದ್ರೆ ಅದೂ ಪಿಸ್ಟನ್ನು, ಅದರ ಸುತ್ತ ಕೂರೋ ರಿಂಗಿಂದಲೇ ಅಂತ ಅಲ್ಲ, ಟರ್ಬೊ ಸೀಲ್ ಹೋದ್ರೂ ಬರ್ತದೆ, ವಾಲ್ ಗೈಡ್ (ಎಂಜಿನ್ನಿನ ವಾಲ್ವ್ ಆಡೋ ಕೊಳವೆ) ಹೋದ್ರೂ ಬರ್ತದೆ. ರಾತ್ರಿ ನಿಲ್ಲಿಸಿ ಬೆಳಿಗ್ಗೆ ಸ್ಟಾರ್ಟ್ ಮಾಡ್ದಾಗ ಮಾತ್ರ ಒಂದು ಗುಪ್ಪೆ ನೀಲಿ ಬಂದು ಆಮೇಲೆ ಇಲ್ಲ ಅಂದ್ರೆ ನನ್ನ ಅನುಮಾನ ಗೈಡ್ ಮೇಲೆ.

ಹೊಗೆ ಇಲ್ಲ, ಲೀಕೂ ಇಲ್ಲ, ಆದ್ರೂ ಆಯಿಲ್ ಕುಡೀತಾ ಇದೆ, ಎಲ್ಲಿಗೆ ಹೋಗ್ತದೆ ಮಾರಾಯ್ರೇ?

ಬ್ರೇಕಿನ ಏರ್ ಟ್ಯಾಂಕಿನ ಕೆಳಗೆ ಡ್ರೈನ್ ವಾಲ್ ಇದ್ಯಲ್ಲ, ಅದನ್ನ ಎಳೆದು ಕೈ ಒಡ್ಡಿ ನೋಡಿ. ಬರೀ ನೀರು ಬಂದ್ರೆ ಸರಿ, ಕಪ್ಪು ಜಿಡ್ಡು ಬಂದ್ರೆ ಆಯಿಲ್ ಕುಡೀತಿರೋದು ಏರ್ ಕಂಪ್ರೆಸರ್, ಎಂಜಿನ್ ಅಲ್ಲ. ಕಂಪ್ರೆಸರಿನ ರಿಂಗ್ ಸವೆದ್ರೆ ಗಾಳಿ ಎಂಜಿನ್ ಒಳಗೂ ಬರ್ತದೆ, ಆಗ ಆಯಿಲ್ ಹಾಕೋ ಮುಚ್ಚಳ ತೆಗೆದ್ರೆ ಬುಸ್ ಬುಸ್ ಅಂತ ಗಾಳಿ, ಗ್ಯಾರೇಜಿನವ್ರು ಅದನ್ನ ನೋಡಿ "ರಿಂಗ್ ಹೋಯ್ತು, ಬಿಚ್ಚೋಣ" ಅಂತಾರೆ. ಕಂಪ್ರೆಸರ್ ಕಿಟ್ಟಲ್ಲಿ ಮುಗಿಯೋ ಕೆಲಸಕ್ಕೆ ಫುಲ್ ಎಂಜಿನ್ ಬಿಚ್ಚಿಸ್ಕೊಂಡವರನ್ನ ನಾನೇ ಮೂರ್ನಾಲ್ಕು ಜನ ನೋಡಿದ್ದೇನೆ, ಬಿಚ್ಚಿ ಹೊಸ ರಿಂಗ್ ಹಾಕಿದ್ಮೇಲೂ ಆಯಿಲ್ ಇಳಿಯೋದು ನಿಲ್ಲಲಿಲ್ಲ.

ಎಷ್ಟು ಕಿಲೋಮೀಟರಿಗೆ ಎಂಜಿನ್ ಮಾಡ್ಸಬೇಕು?

ಅಂಥ ನಂಬರ್ ಇಲ್ಲ. ಅಂಕೋಲಾದಿಂದ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗಿ ಬರೋ ಲೈನ್ ಗಾಡಿಯ ಕಿಲೋಮೀಟರೂ, ಕ್ವಾರಿಯಿಂದ ಮನೆ ಕಟ್ಟೋ ಜಾಗಕ್ಕೆ ಆರು ಕಿಲೋಮೀಟರ್ ಓಡಾಡೋ ಕಲ್ಲು ಗಾಡಿಯ ಕಿಲೋಮೀಟರೂ ಒಂದೇ ಅಲ್ಲ. ಎರಡನೇದು ಅರ್ಧ ದಿನ ಲೋಡಿಂಗ್ ಅಂತ ಸುಮ್ನೆ ಉರೀತಾ ನಿಂತಿರ್ತದೆ, ಉಳಿದರ್ಧ ಕೆಂಪು ಧೂಳಲ್ಲಿ ಫಸ್ಟ್ ಗೇರು. ಅದೂ ಅಲ್ದೆ ನಮ್ಮ ಕಡೆ ಹಳೆ ಗಾಡೀಲಿ ಮೀಟರ್ ಕೇಬಲ್ ಸರಿ ಇರೋದು ಎಷ್ಟಕ್ಕೆ ಹೇಳಿ! ಆಯಿಲ್ ಎಷ್ಟು ಇಳೀತಿದೆ, ಪ್ರೆಷರ್ ಎಷ್ಟಿದೆ, ಘಟ್ಟದಲ್ಲಿ ಮೊದಲು ಹತ್ತುತಿದ್ದ ಗೇರಲ್ಲೇ ಈಗಲೂ ಹತ್ತುತ್ತಾ, ಈ ಮೂರನ್ನ ಒಂದು ಪುಸ್ತಕದಲ್ಲಿ ಬರೆದಿಡಿ.

ಬಿಚ್ಚೋಕೆ ಮೊದ್ಲು ಎಂತೆಂತ ಚೆಕ್ ಮಾಡ್ಸಬೇಕು?

ಆಯಿಲ್ ಪ್ರೆಷರನ್ನ ಡ್ಯಾಶ್‌ಬೋರ್ಡ್ ಮುಳ್ಳು ನೋಡಿ ನಂಬಬೇಡಿ, ಕರಾವಳಿ ಉಪ್ಪು ಗಾಳಿಗೆ ಸೆನ್ಸರ್ ಕನೆಕ್ಷನ್ನು ಅರ್ತಿಂಗು ಎಲ್ಲ ಹಸಿರು ಹಿಡಿದು ಸುಳ್ಳು ತೋರಿಸ್ತವೆ. ಮೆಕ್ಯಾನಿಕಲ್ ಗೇಜ್ ಹಾಕಿ ಎಂಜಿನ್ ಚೆನ್ನಾಗಿ ಬಿಸಿ ಆದ್ಮೇಲೆ ನೋಡಿ. ಐಡ್ಲಿಂಗಲ್ಲಿ 1 ಬಾರ್ ಸುತ್ತಮುತ್ತ ಇದ್ದು ರೇಸ್ ಮಾಡ್ದಾಗ 3 ದಾಟಿದ್ರೆ ಸಾಮಾನ್ಯವಾಗಿ ಕೆಳಗಿನ ಬೇರಿಂಗ್ (ಪಿಸ್ಟನ್ನುಗಳು ತಿರುಗಿಸೋ ಕ್ರಾಂಕ್ ಶಾಫ್ಟ್ ಕೂರೋದು) ಬದುಕಿದೆ ಅಂತ ಲೆಕ್ಕ, ಸರಿಯಾದ ಲಿಮಿಟ್ ನಿಮ್ಮ ಗಾಡಿ ಮ್ಯಾನ್ಯುಯಲಲ್ಲಿ ಇರ್ತದೆ. ಆಮೇಲೆ ಕಂಪ್ರೆಷನ್ ಟೆಸ್ಟ್. ಅದರಲ್ಲಿ ಒಟ್ಟು ಎಷ್ಟು ಬಂತು ಅನ್ನೋದಕ್ಕಿಂತ ಆರೂ ಸಿಲಿಂಡರ್ ಹತ್ತಿರ ಹತ್ತಿರ ಇದ್ದಾವಾ ಅನ್ನೋದು ಮುಖ್ಯ, ಐದು ಸರಿ ಇದ್ದು ಒಂದು ಮಾತ್ರ ಬಿದ್ದಿದ್ರೆ ಅದು ಸವೆತ ಅಲ್ಲ, ಆ ಒಂದರಲ್ಲಿ ಏನೋ ಆಗಿದೆ: ವಾಲ್ ಸುಟ್ಟಿದೆ ಅಥವಾ ರಿಂಗ್ ಮುರಿದಿದೆ.

ಇನ್ನೊಂದು, ಇದು ದುಡ್ಡಿಲ್ಲದ ಟೆಸ್ಟು. ಹಳೆ ಆಯಿಲ್ ಫಿಲ್ಟರ್ ಬಿಸಾಡಬೇಡಿ, ಡಬ್ಬಿ ಕತ್ತರಿಸಿ ಒಳಗಿನ ಪೇಪರ್ ಮಡಿಕೆ ಬಿಡಿಸಿ ಬಿಸಿಲಲ್ಲಿ ಹಿಡಿದು ನೋಡಿ. ಬರೀ ಕಪ್ಪು ಮಸಿ ಇದ್ರೆ ನಿಶ್ಚಿಂತೆ. ತಾಮ್ರದ ಬಣ್ಣದ ಮಿಂಚು ಇದ್ರೆ ಬೇರಿಂಗ್ ಶೆಲ್ ಮೇಲಿನ ಪದರ ಹೋಗಿ ಒಳಗಿನದು ಸವೀತಿದೆ, ಬೆಳ್ಳಿ ಪುಡಿ ಇದ್ದು ಮ್ಯಾಗ್ನೆಟ್ಟಿಗೆ ಅಂಟದೇ ಇದ್ರೆ ಪಿಸ್ಟನ್ ಅಥವಾ ಬೇರಿಂಗು, ಅಂಟಿದ್ರೆ ರಿಂಗು, ಲೈನರು (ಸಿಲಿಂಡರ್ ಒಳಗೆ ಕೂರಿಸೋ ಕೊಳವೆ), ಗೇರು ಇಂಥವು. ಮಿಂಚು ಕಂಡ್ಮೇಲೆ ಗಾಡಿ ಓಡಿಸಬೇಡಿ. ಇವತ್ತು ನಿಲ್ಲಿಸಿದ್ರೆ ಕ್ರಾಂಕ್ ಗ್ರೈಂಡಿಂಗಿಗೆ, ಅಂದ್ರೆ ಉಜ್ಜಿ ಮತ್ತೆ ನುಣುಪು ಮಾಡೋಕೆ, ಉಳೀತದೆ, "ಈ ಟ್ರಿಪ್ ಒಂದು ಮುಗಿಸಿ ಬರ್ತೇನೆ" ಅಂದ್ರೆ ಪಿಸ್ಟನ್ನಿಗೂ ಕ್ರಾಂಕಿಗೂ ಕೊಂಡಿಯಾದ ಕಾನ್‌ರಾಡ್ ಬ್ಲಾಕ್ ಒಡೆದು ಹೊರಗೆ ಕೈ ಬೀಸ್ತದೆ, ಆಮೇಲೆ ಮಾಡ್ಸೋದಾ ಬದಲಿಸೋದಾ ಅನ್ನೋ ಪ್ರಶ್ನೆಯೇ ಇರಲ್ಲ.

## ಎರಡನೇ ಹಂತ: ಯಾವ ದಾರಿ?

ಬರೀ ರಿಂಗ್ ಬೇರಿಂಗ್ ಹಾಕಿ ಹಾಫ್ ಎಂಜಿನ್ ಮಾಡಿದ್ರೆ ಸಾಕಲ್ವಾ?

ಬೋರ್, ಅಂದ್ರೆ ಪಿಸ್ಟನ್ ಓಡಾಡೋ ಸಿಲಿಂಡರಿನ ತೂತು, ಅದರ ಅಳತೆ ಮಾಡಿದ್ಮೇಲೆ ಕೇಳಿ. ಬೋರ್ ಎಲ್ಲ ಕಡೆ ಸಮ ಸವೆಯೋದಿಲ್ಲ, ಮೇಲಿನ ರಿಂಗ್ ತಿರುಗಿ ವಾಪಸ್ ಹೋಗೋ ಜಾಗದಲ್ಲೇ ಜಾಸ್ತಿ. ಹೆಡ್ ತೆಗೆದು ಬೋರಿನ ಮೇಲ್ತುದೀಲಿ ಉಗುರು ಆಡಿಸಿ, ಮೆಟ್ಟಿಲಿನಂತೆ ತಡೆದ್ರೆ ಅಲ್ಲಿ ಅಂಚು ಕೂತಿದೆ. ಹೊಸ ರಿಂಗ್ ಆ ಅಂಚಿಗೆ ಬಡಿದು ಮುರೀತದೆ. ಮೊಟ್ಟೆ ಆಕಾರಕ್ಕೆ ಬಂದ ಬೋರಿಗೆ ದುಂಡಗಿನ ರಿಂಗ್ ಹಾಕಿದ್ರೆ ಎರಡು ಕಡೆ ಸಂದು ಉಳ್ದೇ ಉಳೀತದೆ. ಡಯಲ್ ಗೇಜಿನ ಅಳತೆ ಲಿಮಿಟ್ ಒಳಗಿದ್ರೆ ಹೋನಿಂಗ್ (ಬೋರಿನ ಒಳಮೈ ಉಜ್ಜೋದು) ಮಾಡಿ ರಿಂಗ್ ಹಾಕೋದಕ್ಕೆ ಅಡ್ಡಿಲ್ಲ. ಅಳತೆನೇ ಮಾಡ್ದೆ "ನೋಡಿದ್ರೆ ಗೊತ್ತಾಗ್ತದೆ" ಅನ್ನೋ ಮೇಸ್ತ್ರಿ ಹತ್ರ ಮಾತ್ರ ಹೋಗಬೇಡಿ.

ಗುಜರಿ ಎಂಜಿನ್, ರೀಕಂಡೀಷನ್, ಕಂಪನಿ ಎಂಜಿನ್, ಎಲ್ಲ ಒಂದೇ ತರ ಹೇಳ್ತಾರಲ್ಲ?

ಗುಜರಿ ಎಂಜಿನ್ ಅಂದ್ರೆ ಅಪಘಾತ ಆದ ಅಥವಾ ಒಡೆದು ಮಾರಿದ ಗಾಡಿಯಿಂದ ಇಳಿಸಿದ್ದು, ಒಳಗೆ ಎಂತ ಉಂಟು ದೇವರೇ ಬಲ್ಲ. ರೀಕಂಡೀಷನ್ ಅಂತ ಲೋಕಲಲ್ಲಿ ಹೇಳೋದು ಪೂರಾ ಆ ಅಂಗಡಿಯವನ ಪ್ರಾಮಾಣಿಕತೆ ಮೇಲೆ, ಕೆಲವರು ನಿಜಕ್ಕೂ ಬೋರ್ ಕ್ರಾಂಕ್ ಎಲ್ಲ ಮಾಡಿ ಕೊಡ್ತಾರೆ, ಕೆಲವರು ತೊಳೆದು ಪೇಂಟ್ ಹೊಡೀತಾರೆ. ಅಳತೆ ಬರೆದ ಚೀಟಿ ಕೇಳಿ, ಕೊಡೋಕೆ ತಡವರಿಸಿದ್ರೆ ಅರ್ಥ ಮಾಡ್ಕೊಳ್ಳಿ. ಕಂಪನಿಯವರದ್ದೇ ಎಕ್ಸ್‌ಚೇಂಜ್ ವ್ಯವಸ್ಥೆಯೂ ಇದೆ, ಟಾಟಾದಲ್ಲಿ ಪ್ರೋಲೈಫ್ ಅಂತ ಕರೀತಾರೆ, ನಿಮ್ಮ ಹಳೇದನ್ನ ಕೊಟ್ಟು ಅವರು ಮರುತಯಾರಿ ಮಾಡಿದ್ದನ್ನ ತಗೊಳ್ಳೋದು. ಲಾಂಗ್ ಬ್ಲಾಕ್ ಅಂದ್ರೆ ಹೆಡ್ ಸಮೇತ, ಆದ್ರೆ ಪಂಪು, ಟರ್ಬೊ, ಸ್ಟಾರ್ಟರ್ ಎಲ್ಲ ಸೇರಿದೆ ಅಂದ್ಕೊಂಡು ರೇಟ್ ಹೋಲಿಸಬೇಡಿ, ಯಾವ್ದು ಸೇರಿದೆ ಯಾವ್ದಿಲ್ಲ ಬರೆಸ್ಕೊಳ್ಳಿ. ನಿಮ್ಮ ಹಳೆ ಬ್ಲಾಕ್ ಒಡೆದಿದ್ರೆ ಎಕ್ಸ್‌ಚೇಂಜಲ್ಲಿ ತಗೊಳ್ತಾರಾ ಅದನ್ನೂ ಮೊದ್ಲೇ ಕೇಳಿ.

ನೀವಾಗಿದ್ರೆ ಎಂತ ಮಾಡ್ತಿದ್ರಿ?

ನಾನು ಮಾಡಿದ್ದೇ ಹೇಳ್ತೇನೆ, ಮರ್ಯಾದೆ ಹೋದ್ರೂ ಅಡ್ಡಿಲ್ಲ. ನಮ್ಮ ಚಿರೇಕಲ್ಲಿನ ಗಾಡಿ, ಟಾಟಾ 697 ಎಂಜಿನ್ನು, ಡಿಸೆಂಬರಲ್ಲಿ ನೀಲಿ ಹೊಗೆ ಶುರು ಮಾಡ್ತು. ಮನೆ ಕಟ್ಟೋ ಸೀಸನ್, ದಿನಕ್ಕೆ ಐದು ಟ್ರಿಪ್ ಆರ್ಡರ್, ಇಪ್ಪತ್ತು ದಿನ ಗಾಡಿ ನಿಲ್ಲಿಸೋಕೆ ಮನಸ್ಸಿಲ್ಲ. ಭಾವ ಹೇಳ್ದ, "ಬಿಚ್ಚೋದೆಲ್ಲ ಬೇಡ, ಸೀಲ್ ಒಡೆಯದ ಎಂಜಿನ್ ಒಂದು ಸಿಗ್ತದೆ, ನಾಲ್ಕು ದಿನದ ಕೆಲಸ." ಜಿಲ್ಲೆ ಹೊರಗಿನ ಒಂದು ಗುಜರಿ ಅಂಗಡಿಯಿಂದ ತಂದ್ವಿ, ಕೂರಿಸಿದ್ವಿ, ಹಳೇದನ್ನ ತೂಕಕ್ಕೆ ಹಾಕಿದ್ವಿ. ಏಪ್ರಿಲಲ್ಲಿ ಅದೇ ನೀಲಿ ಹೊಗೆ. ನಾನು ಅಂಗಡಿಯವನಿಗೆ ಫೋನಲ್ಲಿ ಬೈದಿದ್ದೇ ಬೈದಿದ್ದು.

ಆಮೇಲೆ ಹಳೆ ಮೇಸ್ತ್ರಿ ಒಬ್ಬರು ಬಂದು ಎಂಜಿನ್ ಮುಟ್ಟಲೇ ಇಲ್ಲ, ಏರ್ ಫಿಲ್ಟರಿಂದ ಟರ್ಬೊಗೆ ಹೋಗೋ ರಬ್ಬರ್ ಹೋಸ್ ಬಿಚ್ಚಿ ಕೈಗೆ ಕೊಟ್ರು. ಕ್ಲ್ಯಾಂಪ್ ಕೆಳಗೆ, ಹೊರಗಿಂದ ಕಾಣದ ಜಾಗದಲ್ಲಿ, ಹೆಬ್ಬೆರಳ ಉಗುರಿನಷ್ಟುದ್ದ ಬಿರುಕು. ಒಳಗೆ ಬೆರಳು ಹಾಕಿದ್ರೆ ಚಿರೇಕಲ್ಲಿನ ಧೂಳು ಕುಂಕುಮದ ಹಾಗೆ ಬೆರಳಿಗೆ ಅಂಟ್ತು. ಫಿಲ್ಟರ್ ತಿಂಗಳಿಗೊಂದು ಬದಲಿಸ್ತಿದ್ದೆವು, ಆದ್ರೆ ಗಾಳಿ ಬರ್ತಿದ್ದಿದ್ದು ಫಿಲ್ಟರ್ ದಾಟಿದ ಮೇಲಿನ ತೂತಿಂದ. ಮೊದಲ್ನೇ ಎಂಜಿನ್ ಕೊಂದಿದ್ದೂ ಅದೇ, ಎರಡನೇದು ಕೊಂದಿದ್ದೂ ಅದೇ. ಹೊಟ್ಟೆ ಉರಿದಿದ್ದು ಇನ್ನೊಂದಕ್ಕೆ: ತೂಕಕ್ಕೆ ಹಾಕಿದ ಎಂಜಿನ್ನಿನ ಕ್ರಾಂಕ್ ಆವರೆಗೆ ಒಂದು ಸಲವೂ ಗ್ರೈಂಡ್ ಆಗದ ಸ್ಟ್ಯಾಂಡರ್ಡ್ ಕ್ರಾಂಕು, ಇನ್ನೂ ಗ್ರೈಂಡ್ ಮಾಡಿ ಬಳಸಬಹುದಿತ್ತು.

ಹಂಗಾಗಿ ಯಾರು ಕೇಳಿದ್ರೂ ನನ್ನ ತಿರುಗು ಪ್ರಶ್ನೆ ಒಂದೇ: ಯಾಕೆ ಹೋಯ್ತು? ಅದಕ್ಕೆ ಉತ್ತರ ಸಿಗೋ ತನಕ ರಿಪೇರಿಗೂ ದುಡ್ಡು ಹಾಕಬೇಡಿ, ಬದಲಿಗೂ ಹಾಕಬೇಡಿ.

ಲೆಕ್ಕ ಹಾಕೋದು ಹೆಂಗೆ? ಗುಜರಿದೇ ಕಮ್ಮಿ ಕಾಣ್ತದಲ್ಲ?

ಬಿಲ್ ನೋಡಬೇಡಿ, ಕಿಲೋಮೀಟರಿಗೆ ಎಷ್ಟು ಬಿತ್ತು ನೋಡಿ. ಲೆಕ್ಕ ತಿಳಿಯೋಕೆ ಅಂತ ಅಂದಾಜು ಅಂಕಿ ಹಾಕ್ತೇನೆ, ರೇಟ್ ಅಂತ ತಿಳ್ಕೋಬೇಡಿ. ನಿಮ್ಮದೇ ಎಂಜಿನ್ ಪೂರಾ ಮಾಡ್ಸೋಕೆ 2 ಲಕ್ಷ, 20 ದಿನ ಗಾಡಿ ನಿಂತ್ರೆ ದಿನಕ್ಕೆ 2,000 ದಂತೆ 40,000 ನಷ್ಟ, ಒಟ್ಟು 2.4 ಲಕ್ಷ. 2.5 ಲಕ್ಷ ಕಿಲೋಮೀಟರ್ ಓಡ್ತು ಅಂದ್ರೆ ಕಿಲೋಮೀಟರಿಗೆ 96 ಪೈಸೆ. ಗುಜರಿ ಎಂಜಿನ್ ಕೂರಿಸಿ 1.1 ಲಕ್ಷ, ನಾಲ್ಕು ದಿನದ ನಷ್ಟ 8,000. ಅದು 60,000 ಕಿಲೋಮೀಟರಿಗೆ ಕೈ ಎತ್ತಿದ್ರೆ ಕಿಲೋಮೀಟರಿಗೆ 1 ರೂಪಾಯಿ 97 ಪೈಸೆ, ಡಬಲ್ ಆಯ್ತು.

ಈಗ ಇದನ್ನೇ ತಿರುಗಿಸಿ. ಗಾಡಿ ಇನ್ನೊಂದು ವರ್ಷ ಮಾತ್ರ ಇಟ್ಕೊಳ್ಳೋದು, 40,000 ಕಿಲೋಮೀಟರ್ ಓಡಿಸಿ ಮಾರೋದು ಅಂದ್ರೆ, ಪೂರಾ ಮಾಡ್ಸಿದ್ದು ಕಿಲೋಮೀಟರಿಗೆ 6 ರೂಪಾಯಿ, ಗುಜರಿದು 3 ರೂಪಾಯಿ ಒಳಗೆ. ಒಳ್ಳೆ ಎಂಜಿನ್ ಹಾಕಿದೀನಿ ಅಂತ ಮಾರುವಾಗ ಆ ದುಡ್ಡೆಲ್ಲ ವಾಪಸ್ ಕೊಡೋ ಗಿರಾಕಿಯನ್ನ ನಾನಂತೂ ನೋಡಿಲ್ಲ. ಅಂದ್ರೆ ಎಂಜಿನ್ ಎಷ್ಟು ಸವೆದಿದೆ ಅನ್ನೋದರ ಜೊತೆ ಉಳಿದ ಗಾಡಿ ಎಷ್ಟು ದಿನ ಬಾಳ್ತದೆ ಅನ್ನೋದನ್ನೂ ನೋಡ್ಲೇಬೇಕು. ಮೀನಿನ ಗಾಡಿಯವ್ರು ಇದನ್ನ ಮುಖ್ಯ ಕೇಳಿಸ್ಕೊಳ್ಳಿ, ಬೈತ್‌ಕೋಲ್, ತದಡಿ, ಹೊನ್ನಾವರ ಬಂದರಲ್ಲಿ ಲೋಡ್ ಆಗೋ ಗಾಡಿಗಳ ಚಾಸಿಗೆ ಐಸಿನ ಉಪ್ಪು ನೀರು ಸುರಿದು ಸುರಿದು ಕ್ರಾಸ್ ಮೆಂಬರ್ ಪದರ ಪದರ ಏಳ್ತಿರ್ತದೆ, ಸುತ್ತಿಗೆಯಲ್ಲಿ ಕುಟ್ಟಿ ನೋಡಿ, ಟಣ್ ಅನ್ನದೆ ದಪ್ ಅಂದ್ರೆ ಆ ಗಾಡಿಗೆ ಎರಡು ಲಕ್ಷದ ಎಂಜಿನ್ ಯಾಕೆ? ಗಾಡಿ ಹಳೇದಾದ ಹಾಗೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಫೀಸೂ ಏರ್ತದೆ, 8 ವರ್ಷ ಆದ್ಮೇಲೆ ಎಫ್‌ಸಿ ಪ್ರತಿ ವರ್ಷ.

ಬಿಲ್ಲಿನ ವಿಷಯ ಒಂದು: 2025ರ ಸೆಪ್ಟೆಂಬರ್ 22ರಿಂದ ಆಟೋ ಪಾರ್ಟ್ಸಿನ ಜಿಎಸ್‌ಟಿ 28 ಇದ್ದಿದ್ದು 18 ಪರ್ಸೆಂಟಿಗೆ ಇಳಿದಿದೆ. ಹಳೆ ಕೊಟೇಶನ್ ಇಟ್ಕೊಂಡು ಕೂತವ್ರು ಹೊಸದು ಕೇಳಿ.

ಮಳೆಗಾಲದಲ್ಲಿ ಮಾಡ್ಸೋದು ಒಳ್ಳೇದಾ?

ಮೀನಿನ ಗಾಡಿಗೆ ಒಳ್ಳೇದೇ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟ್ ಮೀನುಗಾರಿಕೆ ಬಂದ್, ಗಾಡಿ ಹೇಗೂ ನಿಂತಿರ್ತದೆ, ಕಲ್ಲು ರೇತಿ ಗಾಡಿಗೂ ಕೆಲಸ ಕಮ್ಮಿ. ಆದ್ರೆ ಬೋರಿಂಗು, ಗ್ರೈಂಡಿಂಗು, ಪಂಪ್ ಕ್ಯಾಲಿಬ್ರೇಷನ್ನಿಗೆ ಹುಬ್ಬಳ್ಳಿಗೆ ಕಳಿಸೋರು ಮೇ ಕೊನೇಲೇ ಬಿಚ್ಚಿ ಕಳಿಸ್ಬಿಡಿ. 2024ರ ಜುಲೈ 16ಕ್ಕೆ ಅಂಕೋಲಾ ಹತ್ರದ ಶಿರೂರಲ್ಲಿ ಗುಡ್ಡ ಕುಸಿದು ಹೆದ್ದಾರಿ ಎಷ್ಟು ದಿನ ಬಂದ್ ಇತ್ತು ನೆನಪಿದ್ಯಲ್ಲ, ಘಟ್ಟದ ರಸ್ತೆಗಳ ಕಥೆಯೂ ಮಳೆಗಾಲದಲ್ಲಿ ಅಷ್ಟೇ. ಗ್ರೈಂಡ್ ಆಗಿ ಬಂದ ಕ್ರಾಂಕಿಗೆ, ಹೋನಿಂಗ್ ಆದ ಬೋರಿಗೆ ಆಯಿಲ್ ಹಚ್ಚಿ ಪ್ಲಾಸ್ಟಿಕ್ ಸುತ್ತಿಡಿ, ನಮ್ಮ ಜುಲೈ ಹವೆಗೆ ಒಂದೇ ರಾತ್ರೀಲಿ ಕಂದು ಬಣ್ಣ ಏರಿಬಿಡ್ತದೆ.

## ಮೂರನೇ ಹಂತ: ಬಿಚ್ಚಿದ ಮೇಲಿನ ಪ್ರಶ್ನೆಗಳು

ಕ್ರಾಂಕ್ ಗ್ರೈಂಡ್ ಮಾಡ್ಸಿದ್ದು ಬಾಳ್ತದಾ?

ಸರಿಯಾಗಿ ಮಾಡಿದ್ರೆ ಬಾಳ್ತದೆ. ಅಂಡರ್‌ಸೈಜ್ ಶೆಲ್ ಸಾಮಾನ್ಯವಾಗಿ 0.25, 0.50, 0.75, 1.00 ಮಿಲಿಮೀಟರ್ ಅಂತ ಮೆಟ್ಟಿಲು ಮೆಟ್ಟಿಲಾಗಿ ಬರ್ತವೆ, ನಿಮ್ಮ ಕ್ರಾಂಕ್ ಈಗಾಗಲೇ ಎಷ್ಟನೇ ಮೆಟ್ಟಿಲಲ್ಲಿದೆ ಅನ್ನೋದು ಹಳೆ ಶೆಲ್ಲಿನ ಬೆನ್ನ ಮೇಲೇ ಅಚ್ಚಾಗಿರ್ತದೆ. ಕೊನೇ ಸೈಜಲ್ಲಿ ಇದ್ರೆ ಬೇರೆ ಕ್ರಾಂಕ್ ಹುಡುಕಬೇಕು, ಅಲ್ಲಿಗೆ ಬದಲಿ ಎಂಜಿನ್ ಲೆಕ್ಕವೂ ಹತ್ತಿರ ಬರ್ತದೆ. ಗ್ರೈಂಡಿಂಗಿಗೆ ಮೊದ್ಲು ಕ್ರ್ಯಾಕ್ ಟೆಸ್ಟ್ ಮಾಡ್ಸಿ, ಬಿರುಕು ಬಿಟ್ಟ ಕ್ರಾಂಕಿಗೆ ಗ್ರೈಂಡಿಂಗ್ ದುಡ್ಡು ಯಾಕೆ ಸುರೀತೀರಿ. ಪಿನ್ನಿನ ಮೂಲೇಲಿ ಇರೋ ಸಣ್ಣ ದುಂಡು ತಿರುವನ್ನ ಗ್ರೈಂಡಿಂಗಿನವನು ಚೂಪು ಮಾಡಿಬಿಟ್ರೆ ಕ್ರಾಂಕ್ ಅಲ್ಲಿಂದಲೇ ತುಂಡಾಗೋದು. ಆಯಿಲ್ ತೂತುಗಳ ಪ್ಲಗ್ ತೆಗೆಸಿ ಬ್ರಷ್ ಹಾಕಿ ತೊಳೆಸಿ, ಗ್ರೈಂಡಿಂಗ್ ಪುಡಿ ಒಳಗೆ ಉಳಿದ್ರೆ ಹೊಸ ಶೆಲ್ಲಿಗೆ ಮರಳು ಪೇಪರ್ ಉಜ್ಜಿದ ಹಾಗೆ.

ಬ್ಲಾಕ್ ಬೋರ್ ಮಾಡೋದಾ, ಲೈನರ್ ಹಾಕೋದಾ?

ಎಂಜಿನ್ ಯಾವ್ದು ಅನ್ನೋದರ ಮೇಲೆ. ಕಮಿನ್ಸ್ 6ಬಿಟಿ, ಅದೇ 5.9 ಲೀಟರಿಂದು, ಅದರಲ್ಲಿ ಲೈನರ್ ಇಲ್ಲ, ಬ್ಲಾಕಲ್ಲೇ 102 ಮಿಲಿಮೀಟರ್ ಬೋರು. ಸವೆದ್ರೆ ಬೋರ್ ಮಾಡಿ ಓವರ್‌ಸೈಜ್ ಪಿಸ್ಟನ್ ಹಾಕೋದು, ಅದೂ ಮುಗಿದ್ರೆ ಸ್ಲೀವ್. ಲೈನರ್ ಇರೋ ಎಂಜಿನ್ನಿಗೆ ಕೆಲಸ ಸುಲಭ, ಹಳೇದು ಒತ್ತಿ ತೆಗೆದು ಹೊಸದು. ಸುತ್ತ ನೀರು ಹರಿಯೋ ವೆಟ್ ಲೈನರ್ ಆದ್ರೆ ತೆಗೆದ್ಮೇಲೆ ಹೊರಮೈ ನೋಡಿ, ಸೂಜಿ ಚುಚ್ಚಿದ ಹಾಗೆ ಗುಳಿಗಳಿದ್ರೆ ಕೂಲಂಟ್ ಇಲ್ದೆ ಓಡಿಸಿದೀರಿ. ಖಾಡಿ ಪಕ್ಕದ ಮನೆಗಳ ಬಾವಿ ನೀರು ಉಪ್ಪು ಅಂತ ಕುಡಿಯೋದಿಲ್ಲ, ಅದನ್ನೇ ಕೊಡ ತಂದು ರೇಡಿಯೇಟರಿಗೆ ಹೊಯ್ತಾರೆ! ಕೂಲಂಟ್ ಹಾಕಿ ಮಾರಾಯ್ರೇ.

ಬಿಎಸ್6 ಗಾಡಿಗೆ ಹಳೆ ಮಾಡೆಲ್ ಎಂಜಿನ್ ಕೂರಿಸಿದ್ರೆ ರಗಳೆನೇ ಇಲ್ವಂತೆ?

ರಗಳೆ ಅಲ್ಲಿಂದಲೇ ಶುರು. ಬಿಎಸ್6 ಅನ್ನೋ ಹೊಗೆ ನಿಯಮದಲ್ಲಿ 2020ರ ಏಪ್ರಿಲ್ 1ರಿಂದ ಬಂದ ಗಾಡಿಗಳಲ್ಲಿ ಇಸಿಯು (ಎಂಜಿನ್ ನಡೆಸೋ ಕಂಪ್ಯೂಟರ್), ಕಾಮನ್ ರೈಲ್ (ಡೀಸೆಲ್ ಒತ್ತಡದಲ್ಲಿ ಕೊಡೋ ಪೈಪು), ಡಿಪಿಎಫ್ (ಹೊಗೆಯ ಮಸಿ ಹಿಡಿಯೋ ಫಿಲ್ಟರ್), ಯೂರಿಯಾ ಸಿಸ್ಟಮ್ ಎಲ್ಲ ಒಂದಕ್ಕೊಂದು ಕಟ್ಟಿದ ಹಗ್ಗ, ಹಳೆ ಪಂಪ್ ಎಂಜಿನ್ ಕೂರಿಸೋದು ಕಾನೂನಿಗೂ ಸರಿ ಅಲ್ಲ, ಕೆಲಸಕ್ಕೂ ಬರಲ್ಲ. ಬಿಎಸ್6 ಎಂಜಿನ್ ಮಾಡ್ಸುವಾಗ ಎರಡು ಮಾತು ನೆನಪಿಡಿ. ರಿಂಗ್ ಸವೆದು ಆಯಿಲ್ ಉರಿದಿದ್ರೆ ಅದರ ಬೂದಿ ಡಿಪಿಎಫಲ್ಲಿ ಕೂತಿರ್ತದೆ, ರೀಜನರೇಷನ್ನಿಗೆ ಮಸಿ ಸುಡ್ತದೆಯೇ ಹೊರತು ಬೂದಿ ಹೋಗಲ್ಲ, ಅದನ್ನ ತೆಗೆಸಿ ಕ್ಲೀನ್ ಮಾಡ್ಸಬೇಕು. ಇಂಜೆಕ್ಟರ್ ಬದಲಿಸಿದ್ರೆ ಅದರ ಮೇಲಿನ ಕೋಡನ್ನ ಸ್ಕ್ಯಾನರ್ ಹಾಕಿ ಇಸಿಯುಗೆ ಕೊಡಬೇಕಾದ ಗಾಡಿಗಳೇ ಹೆಚ್ಚು, ಸ್ಕ್ಯಾನರ್ ಇಲ್ಲದ ಗ್ಯಾರೇಜಲ್ಲಿ ಈ ಕೆಲಸ ಬೇಡ.

ಎಂಜಿನ್ ಬದಲಿಸಿದ್ರೆ ಆರ್‌ಟಿಓಗೆ ಹೇಳ್ಲೇಬೇಕಾ? ಯಾರು ನೋಡ್ತಾರೆ?

ಎಫ್‌ಸಿಗೆ ಹೋದಾಗ ನೋಡ್ತಾರೆ, ಅಪಘಾತ ಆದಾಗ ಇನ್ಶೂರೆನ್ಸಿನವ್ರು ನೋಡ್ತಾರೆ, ಮಾರುವಾಗ ಗಿರಾಕಿ ನೋಡ್ತಾನೆ. ಬ್ಲಾಕ್ ಬದಲಾದ್ರೆ ಎಂಜಿನ್ ನಂಬರ್ ಬದಲಾಯ್ತು, ಆರ್‌ಸಿ ಜೊತೆ ತಾಳೆ ಆಗಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದಕ್ಕೇ ಇರೋದು: ಕೆಲಸಕ್ಕೆ ಮೊದ್ಲು ಒಪ್ಪಿಗೆ, ಬದಲಾವಣೆ ಆಗಿ 14 ದಿನದೊಳಗೆ ವರದಿ ಮಾಡಿ ಆರ್‌ಸಿಯಲ್ಲಿ ಬರೆಸೋದು. ಕೆಎ 30 ಆದ್ರೆ ಕಾರವಾರ, 31 ಸಿರ್ಸಿ, 47 ಹೊನ್ನಾವರ, ನಿಮ್ಮ ಕಚೇರಿಗೇ ಹೋಗಿ ಕೇಳಿ. ಗುಜರಿ ಎಂಜಿನ್ನಾದ್ರೆ ಬಿಲ್ಲು, ಅದು ಇಳಿಸಿದ ಗಾಡಿಯ ದಾಖಲೆ ಎರಡೂ ಇಲ್ದೆ ದುಡ್ಡು ಕೊಡಬೇಡಿ, ನಂಬರ್ ಉಜ್ಜಿದ ಬ್ಲಾಕ್ ಕಂಡ್ರೆ ಮುಟ್ಟದೇ ವಾಪಸ್ ಬನ್ನಿ. ನಿಮ್ಮದೇ ಬ್ಲಾಕ್ ಉಳಿಸಿ ರಿಪೇರಿ ಮಾಡ್ಸಿದ್ರೆ ಈ ತಲೆನೋವೇ ಇಲ್ಲ.

ಹೊಸ ಎಂಜಿನ್ ಆದ್ಮೇಲೆ ಎರಡು ದಿನ ಸುಮ್ನೆ ಸ್ಟಾರ್ಟ್ ಮಾಡಿ ಬಿಡಬೇಕಂತೆ?

ಯಾರೋ ಹಳೆ ಕಾಲದವ್ರು ಹೇಳಿದ್ದು, ಅದು ತಪ್ಪು. ಲೋಡ್ ಇಲ್ದೆ ಗಂಟೆಗಟ್ಟಲೆ ಉರಿಸಿದ್ರೆ ರಿಂಗ್ ಕೂರೋದೇ ಇಲ್ಲ, ಬೋರ್ ಕನ್ನಡಿ ಆಗ್ತದೆ, ಆಯಿಲ್ ಕುಡಿಯೋಕೆ ಶುರು. ಸ್ಟಾರ್ಟ್ ಮಾಡೋ ಮೊದ್ಲು ಟರ್ಬೊಗೆ ಆಯಿಲ್ ಹೊಯ್ದು, ಪ್ರೆಷರ್ ಬರೋ ತನಕ ಎಂಜಿನ್ ಹೊತ್ತಿಸದೆ ಬರೀ ಸ್ಟಾರ್ಟರಲ್ಲಿ ತಿರುಗಿಸಿ. ಆಮೇಲೆ ಅರ್ಧ ಲೋಡಲ್ಲಿ ಹೆದ್ದಾರೀಲಿ ಓಡಿಸಿ, ಗೇರ್ ಬದಲಿಸ್ತಾ ಇರಿ, ಮೊದಲ ಸಾವಿರ ಕಿಲೋಮೀಟರ್ ಸುಮಾರಿಗೆ ಆಯಿಲ್ ಫಿಲ್ಟರ್ ಬದಲಿಸಿ. ದೇವಿಮನೆ ಘಟ್ಟ ಇಳಿಯುವಾಗ ಸಣ್ಣ ಗೇರಲ್ಲಿ ಎಂಜಿನ್ ಕಿರುಚೋ ಹಾಗೆ ಬಿಡಬೇಡಿ, ಡೀಸೆಲ್ ಹೋಗದಿದ್ರೂ ಚಕ್ರವೇ ಎಂಜಿನ್ನನ್ನ ಲಿಮಿಟ್ ದಾಟಿ ತಿರುಗಿಸ್ತದೆ, ವಾಲ್ ಪಿಸ್ಟನ್ನಿಗೆ ಬಡಿಯೋದು ಹಾಗೇ.

ಇದಕ್ಕಿಂತ ದೊಡ್ಡ ತಪ್ಪು ಆಯಿಲ್ ಕೂಲರಿಂದು. ಬೇರಿಂಗ್ ಹೋಗಿದ್ದ ಎಂಜಿನ್ನಿನ ಲೋಹದ ಪುಡಿ ಪೂರಾ ಕೂಲರ್ ಒಳಗೆ ಸಿಕ್ಕಿರ್ತದೆ. ಎರಡು ಲಕ್ಷ ಹಾಕಿ ಎಲ್ಲ ಹೊಸದು ಮಾಡಿ ಹಳೆ ಕೂಲರನ್ನ ಡೀಸೆಲಲ್ಲಿ ಅದ್ದಿ ವಾಪಸ್ ಹಾಕಿದ್ರೆ, ಬಿಸಿ ಆಯಿಲ್ ಹರಿದು ಆ ಪುಡಿ ಸೀದಾ ಹೊಸ ಶೆಲ್ಲಿಗೆ. ಬೇರೆ ಎಂಜಿನ್ ಕೂರಿಸುವಾಗಲೂ ಹಳೆ ಕೂಲರ್ ದಾಟಿಸಬೇಡಿ.

ಹಳೆ ಪಾರ್ಟ್ಸ್ ಗ್ಯಾರೇಜಲ್ಲೇ ಬಿಟ್ಟು ಬರಬಹುದಾ?

ಬೇಡ, ಗೋಣಿಚೀಲದಲ್ಲಿ ಹಾಕಿ ಮನೆಗೆ ತನ್ನಿ, ಯಾವ ಪಿಸ್ಟನ್ ಯಾವ ಸಿಲಿಂಡರಿಂದು ಅಂತ ನಂಬರ್ ಬರೆದು. ಆರೂ ಪಿಸ್ಟನ್ನಿನ ರಿಂಗ್ ಒಂದೇ ತರ ತೆಳ್ಳಗಾಗಿದ್ರೆ ಧೂಳು ಹೋಗಿದೆ, ಒಂದೇ ಪಿಸ್ಟನ್ ತಲೆ ಕರಗಿದ್ರೆ ಆ ನಾಜಲ್, ಮೈ ಉದ್ದಕ್ಕೂ ಗೀರು ಬಿದ್ದಿದ್ರೆ ಬಿಸಿ ಏರಿದ್ದು. ನನ್ನ ಕೌಂಟರ್ ಮೇಲೆ ಬಿಲ್ ಹಾರದ ಹಾಗೆ ಇಟ್ಟಿರೋದು ಆ ಗುಜರಿ ಎಂಜಿನ್ನಿನ ಮೂರನೇ ಪಿಸ್ಟನ್ನು, ಮೇಲಿನ ರಿಂಗ್ ಬ್ಲೇಡಿನಷ್ಟು ತೆಳ್ಳಗಾಗಿದೆ. ಬಂದವರು ಬೇಕಾದ್ರೆ ಮುಟ್ಟಿ ನೋಡಿ, ಬೆರಳು ಹುಷಾರು.